ಕೋಟಿಗಟ್ಟಲೆ ಮಾರಾಟವಾದ ಗೇಮ್‌ಗಳಲ್ಲಿ ನಿಮ್ಮ ಮನೆಗೆ ಯಾವುದು?

ಮುಂಬಯಿಯ ಗ್ರ್ಯಾಂಟ್ ರೋಡ್ ಸ್ಟೇಷನ್‌ನಲ್ಲಿ ಇಳಿದು ಸ್ವಲ್ಪ ನಡೆದರೆ ಲ್ಯಾಮಿಂಗ್ಟನ್ ರೋಡ್. ಅಲ್ಲಿನ ಒಂದು ಗೇಮ್ ಅಂಗಡಿಯ ಕೌಂಟರ್‌ನಲ್ಲಿ ನಾನು ಹದಿನಾಲ್ಕು ವರ್ಷ ಕೆಲಸ ಮಾಡಿದೆ. ಈಗ ಡೊಂಬಿವಲಿಯಲ್ಲಿ ನನ್ನದೇ ಚಿಕ್ಕ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಜಾಗ ಬದಲಾಯಿತು, ಜನ ಕೇಳುವ ಪ್ರಶ್ನೆ ಮಾತ್ರ ಅದೇ. ದೀಪಾವಳಿ ಹತ್ತಿರ ಬಂದಾಗ, ಮಕ್ಕಳ ಪರೀಕ್ಷೆ ಮುಗಿದಾಗ ನಮ್ಮ ಕನ್ನಡದವರ ಫೋನ್ ಶುರುವಾಗುತ್ತದೆ. “ಅಣ್ಣ, ಎಲ್ಲಕ್ಕಿಂತ ಜಾಸ್ತಿ ಮಾರಾಟ ಆಗೋ ಗೇಮ್ ಯಾವುದು? ಅದನ್ನೇ ಕೊಡಿಸಿಬಿಡ್ತೇವೆ.”

ಕೇಳುವುದರಲ್ಲಿ ತಪ್ಪಿಲ್ಲ. ಮಿಕ್ಸರ್ ತಗೊಳ್ಳುವಾಗಲೂ ನಾವು ಹಾಗೇ ಕೇಳುತ್ತೇವೆ, ಅಲ್ವಾ? ಹತ್ತು ಮನೆಯಲ್ಲಿ ಇರುವುದು ನಮ್ಮ ಮನೆಯಲ್ಲೂ ನಡೆದೀತು ಎಂಬ ಧೈರ್ಯ ಅದು. ಆದರೆ ಗೇಮ್ ವಿಷಯದಲ್ಲಿ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಈ ಗೇಮ್ ನಮ್ಮಿಂದ ದುಡ್ಡು ಹೇಗೆ ತಗೊಳ್ಳುತ್ತದೆ? ಒಂದೇ ಸಲ ತಗೊಂಡು ಸುಮ್ಮನಾಗುತ್ತದೆಯೋ, ವರ್ಷಕ್ಕೊಮ್ಮೆ ಕೇಳುತ್ತದೆಯೋ, ದಿನಾ ಸ್ವಲ್ಪ ಸ್ವಲ್ಪ ಕೀಳುತ್ತದೆಯೋ? ಜಗತ್ತಿನ ದೊಡ್ಡ ಗೇಮ್ ಸರಣಿಗಳೆಲ್ಲ ಈ ಮೂರು ದಾರಿಯಲ್ಲಿ ಒಂದನ್ನೋ ಎರಡನ್ನೋ ಹಿಡಿದೇ ದೊಡ್ಡದಾದವು. ನಾನು ಗೇಮ್ ಆರಿಸಿಕೊಡುವುದು ಇದನ್ನೇ ನೋಡಿ.

ಮೊದಲು ಲೆಕ್ಕ

“ಅತಿ ಹೆಚ್ಚು” ಅಂದರೆ ಯಾವ ಲೆಕ್ಕ? ಎಷ್ಟು ಪ್ರತಿ ಮಾರಾಟವಾಯಿತು ಎಂದು ನೋಡಿದರೆ ಮಾರಿಯೋ ಕುಟುಂಬವೇ ಎಲ್ಲರಿಗಿಂತ ಮುಂದೆ. ಎಲ್ಲ ಮಾರಿಯೋ ಗೇಮ್ ಸೇರಿಸಿದರೆ 80 ಕೋಟಿ ದಾಟುತ್ತದೆ. ಟೆಟ್ರಿಸ್‌ನವರು ತಮ್ಮದು 52 ಕೋಟಿ ಎನ್ನುತ್ತಾರೆ, ಅದರಲ್ಲಿ ಫೋನ್‌ಗೆ ಇಳಿಸಿಕೊಂಡಿದ್ದೂ ಸೇರಿದೆ. ಕಾಲ್ ಆಫ್ ಡ್ಯೂಟಿ 50 ಕೋಟಿ, ಪೋಕೆಮಾನ್ 48 ಕೋಟಿ ದಾಟಿವೆ. ಸರಣಿಯನ್ನು ಬಿಟ್ಟು ಒಂದೇ ಒಂದು ಗೇಮ್ ನೋಡಿದರೆ ಮೈನ್‌ಕ್ರಾಫ್ಟ್. 2023ರಲ್ಲೇ ಅದು 30 ಕೋಟಿ ದಾಟಿತ್ತು.

ಬೊಂಬೆ, ಕಾರ್ಡು, ಟೀ ಶರ್ಟು, ಸಿನಿಮಾ, ಕಾರ್ಟೂನ್ ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಪೋಕೆಮಾನ್‌ಗೆ ಸಾಟಿಯೇ ಇಲ್ಲ. ಒಟ್ಟು ಗಳಿಕೆ 10,000 ಕೋಟಿ ಡಾಲರ್‌ಗಿಂತ ಮೇಲೆ ಎಂಬ ಅಂದಾಜಿದೆ. ಅದರಲ್ಲಿ ಗೇಮ್‌ಗಿಂತ ಸಾಮಾನಿನ ಪಾಲೇ ಜಾಸ್ತಿ.

ಇನ್ನು ನಮ್ಮಲ್ಲಿ ಹೆಚ್ಚಿನವರು ಹೆಸರೇ ಕೇಳದ ಒಂದಿದೆ. ಡಂಜನ್ ಫೈಟರ್ ಆನ್‌ಲೈನ್, 2005ರಲ್ಲಿ ಕೊರಿಯಾದಲ್ಲಿ ಶುರುವಾಗಿದ್ದು. ಚೀನಾದಲ್ಲಿ ಭಾರೀ ಜನಪ್ರಿಯ. ಆಡುವುದಕ್ಕೆ ದುಡ್ಡು ಕೊಡಬೇಕಿಲ್ಲ. ಆದರೂ ಅದರ ಗಳಿಕೆ 2,200 ಕೋಟಿ ಡಾಲರ್ ದಾಟಿದೆ. ಪುಕ್ಕಟೆ ಕೊಟ್ಟು ಅಷ್ಟು ಗಳಿಸುವುದು ಹೇಗೆ ಎಂದು ಒಂದು ನಿಮಿಷ ಯೋಚಿಸಿ ನೋಡಿ. ಒಳಗೆ ಹೋದ ಮೇಲೆ ಬಟ್ಟೆ, ಆಯುಧ, ಶಕ್ತಿ ಎಲ್ಲಕ್ಕೂ ಬೆಲೆ ಇರುತ್ತದೆ.

ಈ ಕೊನೆಯ ದಾರಿಯ ಬಗ್ಗೆ ನನಗೆ ಹೊಟ್ಟೆಯೊಳಗೆ ಸಂಕಟವಿದೆ. ಒಂದು ಮಳೆಗಾಲದ ರಜೆಯಲ್ಲಿ ನನ್ನ ಮಗ ಫೋನ್‌ನ ಒಂದು ಪುಕ್ಕಟೆ ಗೇಮ್‌ಗೆ ಹನ್ನೊಂದು ಸಾವಿರ ರೂಪಾಯಿ ಹಾಕಿದ್ದ. ಒಂದೇ ಸಲ ಅಲ್ಲ. 89 ರೂಪಾಯಿ, 179 ರೂಪಾಯಿ, ಹೀಗೆ. ಅವನ ಅಮ್ಮನ ಫೋನ್‌ನಲ್ಲಿ ಕಾರ್ಡ್ ಸೇವ್ ಆಗಿತ್ತು. ಬ್ಯಾಂಕ್ ಪಾಸ್‌ಬುಕ್ ತುಂಬಿಸಿಕೊಂಡು ಬಂದು ಅವಳು ಟೇಬಲ್ ಮೇಲೆ ಇಟ್ಟಾಗ ಮಗ ಅಳಲಿಲ್ಲ, ಗಾಬರಿಯಾದ. ಅಷ್ಟಾಗಿದೆ ಅಂತ ಅವನಿಗೂ ಗೊತ್ತಿರಲಿಲ್ಲ. ಗೇಮ್ ಒಳಗೆ ಅದು ರೂಪಾಯಿಯಾಗಿ ಕಾಣುವುದೇ ಇಲ್ಲ, ಹರಳು, ನಾಣ್ಯ ಎಂದು ಕಾಣುತ್ತದೆ. ಮಗುವನ್ನು ಬೈದು ಏನು ಪ್ರಯೋಜನ ಹೇಳಿ?

ಟೆಟ್ರಿಸ್: ಯಾರಿಗೂ, ಯಾವ ವಯಸ್ಸಿಗೂ

1984ರಲ್ಲಿ ಮಾಸ್ಕೋದ ಸೋವಿಯತ್ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿ ಅಲೆಕ್ಸಿ ಪಜಿತ್ನೋವ್ ಇದನ್ನು ಮಾಡಿದರು. ಮೇಲಿನಿಂದ ಬೀಳುವ ಇಟ್ಟಿಗೆ ತುಂಡುಗಳನ್ನು ಜೋಡಿಸಿ ಸಾಲು ತುಂಬಿಸುವ ಆಟ, ತುಂಬಿದ ಸಾಲು ಮಾಯ. ಅವರ ಕಂಪ್ಯೂಟರ್‌ಗೆ ಚಿತ್ರ ತೋರಿಸುವ ಶಕ್ತಿ ಇರಲಿಲ್ಲ. ಹಾಗಾಗಿ ಕೀಬೋರ್ಡಿನ ಕಂಸದ ಗುರುತುಗಳನ್ನು ಜೋಡಿಸಿ ಇಟ್ಟಿಗೆ ಮಾಡಿದರು. ಆಮೇಲೆ ಅದು ಜಗತ್ತೆಲ್ಲ ಹಬ್ಬಿತು. 1989ರಲ್ಲಿ ನಿಂಟೆಂಡೋದ ಗೇಮ್ ಬಾಯ್ ಜೊತೆ ಬಂದ ಟೆಟ್ರಿಸ್ ಒಂದೇ ಮೂರೂವರೆ ಕೋಟಿ ಮಾರಾಟವಾಯಿತು. ಮಾಡಿದವರಿಗೆ ಮಾತ್ರ ಅದರ ದುಡ್ಡು ಬರತೊಡಗಿದ್ದು 1996ರಿಂದ. ಹನ್ನೆರಡು ವರ್ಷ ಆದ ಮೇಲೆ! ಇದನ್ನು ಓದಿದಾಗಲೆಲ್ಲ ನನಗೆ ಬೇಜಾರಾಗುತ್ತದೆ.

ನಮ್ಮ ಮುಂಬಯಿಗೆ ಅದು ಬಂದದ್ದು ಬೇರೆ ರೂಪದಲ್ಲಿ. ತೊಂಬತ್ತರ ದಶಕದಲ್ಲಿ ವಿಟಿ ಸ್ಟೇಷನ್ ಸಬ್‌ವೇಯಲ್ಲಿ ಬೂದು ಬಣ್ಣದ ಒಂದು ಡಬ್ಬಿ ಮಾರುತ್ತಿದ್ದರು. ಮೇಲೆ “9999 ಇನ್ 1” ಎಂದು ಬರೆದಿರುತ್ತಿತ್ತು. ಇದ್ದದ್ದೆಲ್ಲ ಇಟ್ಟಿಗೆ ಆಟವೇ. ಫೋರ್ಟ್‌ನ ಉಡುಪಿ ಹೋಟೆಲೊಂದರಲ್ಲಿ ಕ್ಯಾಶ್ ಕೌಂಟರ್ ನೋಡುತ್ತಿದ್ದ ನನ್ನ ದೊಡ್ಡಪ್ಪ ಒಂದು ತಗೊಂಡಿದ್ದರು. ರಾತ್ರಿಯ ಕೊನೆಯ ಲೋಕಲ್‌ಗಳಲ್ಲಿ ಡೊಂಬಿವಲಿಗೆ ಬರುವಾಗ ಅದನ್ನು ಮೊಣಕಾಲ ಮೇಲಿಟ್ಟು ಆಡುತ್ತಿದ್ದರು. ಎಡಗೈ ಹೆಬ್ಬೆರಳಿನಿಂದ ಸರಿಸುವುದು, ಬಲಗೈಯ ಹಳದಿ ದೊಡ್ಡ ಗುಂಡಿಯಿಂದ ತಿರುಗಿಸುವುದು. ನಾಲ್ಕು ಚೌಕದ ಉದ್ದ ಕಡ್ಡಿಗಾಗಿ ಬಲಗಡೆ ಮೇಲಿನಿಂದ ಕೆಳಗೆ ಒಂದು ಸಾಲು ಖಾಲಿ ಬಿಟ್ಟುಕೊಂಡು ಕಾಯುತ್ತಿದ್ದರು. ಥಾಣೆ ದಾಟಿದರೂ ಕಡ್ಡಿ ಬರದಿದ್ದರೆ ಪಕ್ಕದಲ್ಲಿ ನಿಂತವರಿಗೂ ಚಡಪಡಿಕೆ. ಕಡ್ಡಿ ಬಂದು ನಾಲ್ಕು ಸಾಲು ಒಟ್ಟಿಗೆ ಹೋದಾಗ ಗುರುತಿಲ್ಲದ ಮರಾಠಿ ಅಜ್ಜ ಒಬ್ಬರು “ವಾ!” ಎಂದದ್ದು ನನಗೆ ಈಗಲೂ ನೆನಪಿದೆ.

ದೊಡ್ಡಪ್ಪ ಇಂಗ್ಲಿಷ್ ಓದಿದವರಲ್ಲ. ಅವರಿಗೆ ಯಾರೂ ಆಟ ಹೇಳಿಕೊಡಬೇಕಾಗಲಿಲ್ಲ. ಟೆಟ್ರಿಸ್‌ನ ದೊಡ್ಡ ಗುಣ ಇದು. ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿ ಇದ್ದು, ಮೊಮ್ಮಕ್ಕಳ ಜೊತೆ ಆಡುವ ಮನಸ್ಸಿದ್ದರೆ ಇದರಿಂದ ಶುರು ಮಾಡಿ. ಫೋನ್‌ನಲ್ಲಿ ಪುಕ್ಕಟೆ ಸಿಗುತ್ತದೆ, ನಡುನಡುವೆ ಜಾಹೀರಾತು ಬರುತ್ತದೆ. ಕಥೆ ಬೇಕು, ಊರು ಸುತ್ತಬೇಕು ಎನ್ನುವ ಹುಡುಗರಿಗೆ ಇದು ಸಾಲುವುದಿಲ್ಲ.

ಮಾರಿಯೋ: ಒಂದೇ ಟಿವಿ, ನಾಲ್ಕು ಜನ

ಮಾರಿಯೋ ಮೊದಲು ಕಾಣಿಸಿಕೊಂಡದ್ದು 1981ರ ಡಾಂಕಿ ಕಾಂಗ್‌ನಲ್ಲಿ. ಸ್ವಂತ ಹೆಸರಿನಲ್ಲಿ ಮೆರೆದದ್ದು 1985ರ ಸೂಪರ್ ಮಾರಿಯೋ ಬ್ರದರ್ಸ್‌ನಿಂದ. ಶಿಗೆರು ಮಿಯಾಮೊಟೊ ಮತ್ತು ಅವರ ಜೊತೆಗಾರರು ಅದನ್ನು ಬರೀ 40 ಕೆಬಿಯಲ್ಲಿ ತುಂಬಿದರು. ಇವತ್ತು ವಾಟ್ಸಾಪ್‌ನಲ್ಲಿ ಬರುವ “ಶುಭೋದಯ” ಫೋಟೋ ಅದಕ್ಕಿಂತ ದೊಡ್ಡದಿರುತ್ತದೆ. ಜಾಗ ಉಳಿಸಲು ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿದ್ದಾರೆ, ಬಣ್ಣ ಮಾತ್ರ ಬೇರೆ. ಗೊತ್ತಾದ ಮೇಲೆ ನೋಡಿ, ಮತ್ತೆ ಕಣ್ಣು ಅಲ್ಲಿಗೇ ಹೋಗುತ್ತದೆ.

ನಮ್ಮ ವಯಸ್ಸಿನವರು ಇದನ್ನು ಆಡಿದ್ದು ಟಿವಿಗೆ ಸಿಕ್ಕಿಸುವ ನಕಲಿ ಡಬ್ಬಿಯಲ್ಲಿ, ಹಳದಿ ಕ್ಯಾಸೆಟ್ ಹಾಕಿ. ಓಡದಿದ್ದರೆ ಕ್ಯಾಸೆಟ್ ತೆಗೆದು ಊದುವುದು. ಆದರೆ ಈಗ ಅಸಲಿ ಮಾರಿಯೋ ಬೇಕಾದರೆ ನಿಂಟೆಂಡೋದ ಸ್ವಿಚ್ ಎಂಬ ಗೇಮ್ ಯಂತ್ರ ಬೇಕು. ಇಲ್ಲಿದೆ ತೊಡಕು. ನಿಂಟೆಂಡೋ ಕಂಪನಿ ಭಾರತದಲ್ಲಿ ಅಧಿಕೃತವಾಗಿ ಸ್ವಿಚ್ ಮಾರುವುದಿಲ್ಲ. ಮುಂಬಯಿಯಲ್ಲಿ ಸಿಗುವುದೆಲ್ಲ ದುಬೈ, ಜಪಾನ್, ಸಿಂಗಾಪುರದ ಕಡೆಯಿಂದ ಯಾರೋ ತಂದದ್ದು. ವಾರಂಟಿ ಎಂದರೆ ಅಂಗಡಿಯವನ ಮಾತು, ಅಷ್ಟೇ. ಹಾಗಾಗಿ ನೀವು ಮತ್ತೆ ಹೋಗಿ ನಿಲ್ಲಬಹುದಾದ ಅಂಗಡಿಯಲ್ಲೇ ತಗೊಳ್ಳಿ. ಪರಿಚಯದವರು ಕೊಲ್ಲಿಯಿಂದ ಬರುವವರಿದ್ದರೆ ಅವರಿಂದ ತರಿಸಿದರೆ ಇನ್ನೂ ಒಳ್ಳೆಯದು.

ಒಂದು ಎಚ್ಚರಿಕೆ. 2025ರ ಜೂನ್‌ನಲ್ಲಿ ಸ್ವಿಚ್ 2 ಬಂದಾಗ ಜಪಾನ್‌ನಲ್ಲಿ ಒಂದು ಅಗ್ಗದ ಮಾದರಿಯನ್ನೂ ಬಿಟ್ಟರು. ಅದರಲ್ಲಿ ಜಪಾನೀ ಭಾಷೆ ಬಿಟ್ಟು ಬೇರೆ ಬರುವುದೇ ಇಲ್ಲ. ಬೆಲೆ ಕಡಿಮೆ ಎಂದು ಯಾರಾದರೂ ತೋರಿಸಿದರೆ, ಅಂಗಡಿಯಲ್ಲೇ ಆನ್ ಮಾಡಿಸಿ ಭಾಷೆ ಬದಲಾಯಿಸಿ ನೋಡಿ.

ಇಷ್ಟೆಲ್ಲ ತೊಡಕಿದ್ದರೂ ನಾನು ಮಾರಿಯೋ ಪರವೇ. ಅದರಲ್ಲೂ ಮಾರಿಯೋ ಕಾರ್ಟ್ 8 ಡಿಲಕ್ಸ್ ಎಂಬ ಗಾಡಿ ರೇಸ್ ಗೇಮ್. 2017ರಲ್ಲಿ ಬಂದು 6 ಕೋಟಿಗಿಂತ ಜಾಸ್ತಿ ಮಾರಾಟವಾಗಿದೆ. ಸ್ವಿಚ್ ಜೊತೆ ಬರುವ ರಿಮೋಟನ್ನು ಎರಡು ಭಾಗ ಮಾಡಿದರೆ ಇಬ್ಬರು ಆಡಬಹುದು. ಇನ್ನೊಂದು ಜೊತೆ ತಂದರೆ ನಾಲ್ಕು ಜನ. ಚಿಕ್ಕವರ ಗಾಡಿ ರಸ್ತೆ ಬಿಟ್ಟು ಹೋಗದಂತೆ ತಾನೇ ತಿರುಗಿಸಿಕೊಳ್ಳುವ ವ್ಯವಸ್ಥೆ ಇದೆ. ಐದು ವರ್ಷದ ಮಗುವೂ ಅಪ್ಪನ ಜೊತೆ ರೇಸ್ ಮುಗಿಸುತ್ತದೆ. ಒನ್ ರೂಮ್ ಕಿಚನ್ ಮನೆಯಲ್ಲಿ ಒಂದೇ ಟಿವಿ ಇರುವ ನಮ್ಮಂಥವರಿಗೆ ಇದಕ್ಕಿಂತ ಹೊಂದುವ ಗೇಮ್ ನಾನು ನೋಡಿಲ್ಲ. ಇಂಟರ್ನೆಟ್ ಬೇಕಾಗಿಲ್ಲ, ಒಂದು ಸಲ ಕೊಟ್ಟ ದುಡ್ಡು ಕೊಟ್ಟಿತು. ಸಮಸ್ಯೆ ಎಂದರೆ ನಿಂಟೆಂಡೋ ಗೇಮ್‌ಗಳ ಬೆಲೆ ವರ್ಷ ಕಳೆದರೂ ಇಳಿಯುವುದು ಅಪರೂಪ. ಅದರ ಇನ್ನೊಂದು ಮುಖ, ಸೆಕೆಂಡ್ ಹ್ಯಾಂಡ್‌ಗೆ ಕೊಟ್ಟರೂ ಒಳ್ಳೆಯ ಬೆಲೆ ಬರುತ್ತದೆ.

ಪೋಕೆಮಾನ್: ಓದುವ ಮಕ್ಕಳಿಗೆ

ಸತೋಷಿ ತಾಜಿರಿ ಎಂಬವರು ಚಿಕ್ಕಂದಿನಲ್ಲಿ ಹುಳ ಹಿಡಿಯುತ್ತಿದ್ದರಂತೆ. ಆ ಹುಚ್ಚಿನಿಂದ ಹುಟ್ಟಿದ್ದು ಪೋಕೆಮಾನ್, ಕಾಲ್ಪನಿಕ ಪ್ರಾಣಿಗಳನ್ನು ಹಿಡಿದು ಸೇರಿಸುವ ಆಟ. 1996ರ ಫೆಬ್ರವರಿ 27ರಂದು ಜಪಾನ್‌ನಲ್ಲಿ ರೆಡ್ ಮತ್ತು ಗ್ರೀನ್ ಎಂಬ ಎರಡು ಆವೃತ್ತಿ ಬಂದವು. ಮೊದಲಿಗೆ ಇದ್ದದ್ದು 151 ಪ್ರಾಣಿ, ಈಗ ಸಾವಿರ ದಾಟಿವೆ. ಒಂದು ಆವೃತ್ತಿಯಲ್ಲಿ ಎಲ್ಲವೂ ಸಿಗುವುದಿಲ್ಲ. ಗೆಳೆಯನ ಹತ್ತಿರ ಇನ್ನೊಂದು ಇರಬೇಕು, ಅದಲು ಬದಲು ಮಾಡಿಕೊಳ್ಳಬೇಕು. ವ್ಯಾಪಾರದ ಜಾಣತನ ಇದರಲ್ಲಿದೆ ನಿಜ, ಆದರೆ ಮಕ್ಕಳನ್ನು ಒಬ್ಬರ ಪಕ್ಕ ಒಬ್ಬರು ಕೂರಿಸಿದ್ದೂ ಇದೇ.

ಅಣ್ಣ ತಮ್ಮ ಇಬ್ಬರಿದ್ದರೆ ಎರಡೆರಡು ಗೇಮ್ ತರಬೇಡಿ. ಸ್ವಿಚ್‌ನಲ್ಲಿ ಇಬ್ಬರಿಗೂ ಬೇರೆ ಪ್ರೊಫೈಲ್ ಮಾಡಿಕೊಡಿ, ಒಬ್ಬರ ಆಟ ಇನ್ನೊಬ್ಬರು ಅಳಿಸುವ ಜಗಳ ತಪ್ಪುತ್ತದೆ. ಇಲ್ಲಿ ಓದುವ ಕೆಲಸ ತುಂಬಾ ಇದೆ, ಅದೂ ಇಂಗ್ಲಿಷಿನಲ್ಲಿ. ಎಂಟು ವರ್ಷ ದಾಟಿದ, ಓದಲು ಇಷ್ಟಪಡುವ ಮಗುವಿಗೆ ಹೇಳಿ ಮಾಡಿಸಿದ್ದು.

ಸ್ವಿಚ್ ಇಲ್ಲದಿದ್ದರೆ ಫೋನ್‌ನ ಪೋಕೆಮಾನ್ ಗೋ ಇದೆ. ಜಗತ್ತಿಗೆ 2016ರ ಜುಲೈನಲ್ಲಿ, ನಮ್ಮ ದೇಶಕ್ಕೆ ಡಿಸೆಂಬರ್‌ನಲ್ಲಿ ಬಂತು. ನಡೆದಾಡಿ ಹಿಡಿಯುವ ಆಟ. ಆ ವರ್ಷ ದಾದರ್‌ನ ಶಿವಾಜಿ ಪಾರ್ಕ್ ಕಟ್ಟೆಯ ಸುತ್ತ ಹುಡುಗರು ಫೋನ್ ಹಿಡಿದು ಸುತ್ತುತ್ತಿದ್ದರು. ಅಪ್ಪ ಅಮ್ಮ ಜೊತೆಯಲ್ಲಿ ನಡೆಯುವುದಾದರೆ ಚೆನ್ನಾಗಿದೆ. ಒಬ್ಬರನ್ನೇ ಮುಂಬಯಿ ರಸ್ತೆಗೆ ಬಿಡಬೇಡಿ.

ಮೈನ್‌ಕ್ರಾಫ್ಟ್: ನನ್ನ ಮೊದಲ ಆಯ್ಕೆ

ಸ್ವೀಡನ್‌ನ ಮಾರ್ಕಸ್ ಪರ್ಸನ್ 2009ರಲ್ಲಿ ಇದನ್ನು ಜನರ ಮುಂದಿಟ್ಟರು. ಪೂರ್ತಿ ಆವೃತ್ತಿ ಬಂದದ್ದು 2011ರ ನವೆಂಬರ್‌ನಲ್ಲಿ. 2014ರಲ್ಲಿ ಮೈಕ್ರೋಸಾಫ್ಟ್ ಇಡೀ ಕಂಪನಿಯನ್ನೇ 250 ಕೋಟಿ ಡಾಲರ್‌ಗೆ ಕೊಂಡಿತು. ಆಗ ಲ್ಯಾಮಿಂಗ್ಟನ್ ರೋಡ್‌ನಲ್ಲಿ ನಾವೆಲ್ಲ ಬೆರಗಾಗಿದ್ದೆವು. ಚೌಕ ಚೌಕ ಡಬ್ಬಿಗಳ ಆಟಕ್ಕೆ ಇಷ್ಟು ದುಡ್ಡಾ ಎಂದು.

ನನಗೆ ಅರ್ಥವಾದದ್ದು ಅಕ್ಕನ ಮಗನನ್ನು ನೋಡಿದ ಮೇಲೆ. ಪುಣೆಯ ಕೊತ್ರೂಡ್‌ನಲ್ಲಿ ಅವರ ಮನೆ. ಹುಡುಗನಿಗೆ ಆಗ ಹತ್ತು ವರ್ಷ. ಹಳೇ ಲ್ಯಾಪ್‌ಟಾಪ್‌ನಲ್ಲಿ ಮೈನ್‌ಕ್ರಾಫ್ಟ್ ಹಾಕಿಕೊಟ್ಟಿದ್ದೆ. ಎರಡು ತಿಂಗಳು ಬಿಟ್ಟು ಹೋದಾಗ “ಮಾವ, ಬನ್ನಿ, ಒಂದು ತೋರಿಸ್ತೇನೆ” ಎಂದು ಕೈ ಹಿಡಿದು ಎಳೆದ. ಪರದೆ ಮೇಲೆ ಕುಂದಾಪುರದ ನಮ್ಮ ಹಳೇ ಮನೆ! ಕೆಂಪು ಇಟ್ಟಿಗೆಯ ಗೋಡೆ, ಇಳಿಜಾರು ಮಾಡು, ಅಂಗಳದ ನಡುವೆ ತುಳಸಿ ಕಟ್ಟೆ, ಹಿಂದುಗಡೆ ತೆಂಗಿನ ಮರದ ಹಾಗೆ ಉದ್ದಕ್ಕೆ ನಿಲ್ಲಿಸಿದ ದಿಮ್ಮಿಗಳು. ಬಾವಿ ತೋಡಿ ನೀರು ತುಂಬಿಸಿದ್ದ. ಪಕ್ಕದಲ್ಲಿ ಕೂತು ಅವರೆ ಸುಲಿಯುತ್ತಿದ್ದ ಅಮ್ಮ ಕನ್ನಡಕ ಏರಿಸಿ ನೋಡಿದರು. “ಬಾವಿ ಈ ಕಡೆ ಅಲ್ಲ ಮಗಾ, ಬಚ್ಚಲಮನೆ ಬದಿಗೆ” ಎಂದರು. ಹುಡುಗ ಒಂದೂ ಮಾತಾಡದೆ ಬಾವಿ ಮುಚ್ಚಿದ. ಅಜ್ಜಿ ಹೇಳಿದ ಕಡೆ ಹೊಸದು ತೋಡಿದ. ಆಮೇಲೆ ಅವರಿಬ್ಬರೂ ಕೂತು ಹಟ್ಟಿ ಎಲ್ಲಿತ್ತು, ಬೈಹುಲ್ಲಿನ ಕುತ್ರೆ ಎಲ್ಲಿ ಹಾಕುತ್ತಿದ್ದರು ಎಂದು ಒಂದು ಗಂಟೆ ಮಾತಾಡಿದರು. ಆ ಮನೆ ಈಗ ಇಲ್ಲ. ಹುಡುಗ ಅದನ್ನು ನೋಡಿದ್ದು ಎರಡೇ ಸಲ.

ಆಟದ ಲೆಕ್ಕ ಸರಳ. ಪ್ರತಿ ಡಬ್ಬಿಯೂ ಒಂದು ಮೀಟರ್ ಉದ್ದ, ಅಗಲ, ಎತ್ತರ. ಗೇಮ್ ಒಳಗಿನ ಒಂದು ದಿನ ನಮ್ಮ 20 ನಿಮಿಷ. ರಾತ್ರಿ ಆದರೆ ಭೂತಗಳು ಬರುತ್ತವೆ, ಅಷ್ಟರೊಳಗೆ ಗೂಡು ಕಟ್ಟಿಕೊಳ್ಳಬೇಕು. ಚಿಕ್ಕ ಮಕ್ಕಳು ಹೆದರಿದರೆ “ಪೀಸ್‌ಫುಲ್” ಎಂದು ಹಾಕಿ, ಕಾಟ ಕೊಡುವ ಭೂತಗಳು ಬರುವುದಿಲ್ಲ. ಬರೀ ಕಟ್ಟುವುದು ಬೇಕಾದರೆ “ಕ್ರಿಯೇಟಿವ್”. ದೊಡ್ಡ ಮಕ್ಕಳು ರೆಡ್‌ಸ್ಟೋನ್ ಎಂಬ ಕೆಂಪು ಪುಡಿ ಹಿಡಿದು ಬಾಗಿಲು, ದೀಪ, ಲಿಫ್ಟ್ ಎಲ್ಲ ಓಡಿಸುತ್ತಾರೆ. ವೈರಿಂಗ್ ಕೆಲಸದ ಬುದ್ಧಿಯೇ ಅದು. ರಿಪೇರಿ ಮಾಡುವವನಾಗಿ ಹೇಳುತ್ತೇನೆ, ಸ್ವಿಚ್ಚು, ಸರ್ಕ್ಯೂಟ್ ಅಂದರೆ ಏನು ಎಂದು ಮಕ್ಕಳಿಗೆ ಇಷ್ಟು ಸಲೀಸಾಗಿ ತಿಳಿಸುವ ಇನ್ನೊಂದು ಆಟಿಕೆ ನನಗೆ ಸಿಕ್ಕಿಲ್ಲ.

ತಗೊಳ್ಳುವಾಗ ಒಂದು ಗೊಂದಲ ಇದೆ. ಜಾವಾ, ಬೆಡ್‌ರಾಕ್ ಎಂದು ಎರಡು ಬಗೆ. ಫೋನ್, ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್, ಸ್ವಿಚ್‌ನಲ್ಲಿ ಇರುವುದು ಬೆಡ್‌ರಾಕ್, ಇವರೆಲ್ಲ ಒಟ್ಟಿಗೆ ಆಡಬಹುದು. ಕಂಪ್ಯೂಟರ್‌ಗೆ ಕೊಂಡರೆ ಈಗ ಎರಡೂ ಒಟ್ಟಿಗೇ ಬರುತ್ತವೆ. ಮಗುವಿನ ಗೆಳೆಯರು ಯಾವುದರಲ್ಲಿ ಆಡುತ್ತಾರೆ ಎಂದು ಕೇಳಿಕೊಂಡು ತನ್ನಿ. ಒಳಗೆ ಒಂದು ಅಂಗಡಿ ಇದೆ, ಅಲ್ಲಿ ಬಟ್ಟೆಗೂ ಊರಿಗೂ ದುಡ್ಡು ಕೇಳುತ್ತಾರೆ. ಅದಿಲ್ಲದೆಯೂ ಆಟ ಪೂರ್ತಿ ಇದೆ. ಹಾಗಾಗಿ ನನ್ನ ಪಟ್ಟಿಯಲ್ಲಿ ಇದು “ಒಂದೇ ಸಲ ದುಡ್ಡು” ಗುಂಪಿಗೆ ಸೇರಿದ್ದು.

ಜಿಟಿಎ ಮತ್ತು ಕಾಲ್ ಆಫ್ ಡ್ಯೂಟಿ: ದೊಡ್ಡವರ ಇಬ್ಬರು

ಈ ಎರಡರ ನಡುವೆ ಆರಿಸಲು ಬರುವವರು ಹೆಚ್ಚಾಗಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು. ಪುಣೆಯ ಹಿಂಜವಡಿಯಲ್ಲಿ ಐಟಿ ಕೆಲಸ, ನಾಲ್ಕು ಜನ ಸೇರಿ ಬಾಡಿಗೆ ಮನೆ, ಮೊದಲ ಬೋನಸ್‌ನಲ್ಲಿ ಒಂದು ಪಿಎಸ್5, ಅಂದರೆ ಪ್ಲೇಸ್ಟೇಷನ್ 5 ಗೇಮ್ ಯಂತ್ರ. ಅವರಿಗೆ ನಾನು ನೇರವಾಗಿ ಹೇಳುವುದು: ಒಬ್ಬನೇ ಆಡುವುದಾದರೆ ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೋ), ಗೆಳೆಯರ ಗುಂಪಿದ್ದರೆ ಕಾಲ್ ಆಫ್ ಡ್ಯೂಟಿ.

ಜಿಟಿಎ 5 ಬಂದದ್ದು 2013ರ ಸೆಪ್ಟೆಂಬರ್ 17ರಂದು. ಮೂರೇ ದಿನದಲ್ಲಿ 100 ಕೋಟಿ ಡಾಲರ್ ಮಾರಾಟ. ಆಮೇಲೆ 2014, 2015, 2022ರಲ್ಲಿ ಹೊಸ ಹೊಸ ಯಂತ್ರಗಳಿಗೆ ಮತ್ತೆ ಮತ್ತೆ ತಂದರು. 20 ಕೋಟಿ ಪ್ರತಿ ದಾಟಿದೆ. ಲಾಸ್ ಏಂಜಲೀಸ್ ಹೋಲುವ ಒಂದು ಇಡೀ ಊರು, ಅದರಲ್ಲಿ ಮೂವರ ಕಥೆ. ಸೆಕೆಂಡ್ ಹ್ಯಾಂಡ್ ಸಿಡಿ ತಗೊಂಡು ಆರು ತಿಂಗಳು ಆಡಿದವರಿದ್ದಾರೆ. ಕಥೆಗೆ ಒಂದೇ ಸಲ ದುಡ್ಡು. ಆನ್‌ಲೈನ್ ಭಾಗಕ್ಕೆ ಹೋದರೆ ಶಾರ್ಕ್ ಕಾರ್ಡ್ ಎಂದು ನಿಜವಾದ ದುಡ್ಡಿಗೆ ನಕಲಿ ದುಡ್ಡು ಮಾರುತ್ತಾರೆ, ಅಲ್ಲಿ ಕೈ ಹಿಡಿತ ಬೇಕು. ಇದನ್ನು ಮಾಡುವ ರಾಕ್‌ಸ್ಟಾರ್ ಕಂಪನಿಯ ದೊಡ್ಡ ಸ್ಟುಡಿಯೋ ಒಂದು ನಮ್ಮ ಬೆಂಗಳೂರಿನಲ್ಲಿದೆ. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಕೂಡ 2019ರಲ್ಲಿ ಅವರ ಪಾಲಾಯಿತು. ಜಿಟಿಎ 6ಕ್ಕೆ ಕಂಪನಿ 2026ರ ನವೆಂಬರ್ 19 ಎಂದು ದಿನ ಹೇಳಿದೆ. ಅದಕ್ಕಾಗಿ ಈಗಲೇ ಯಾರಿಗೂ ಮುಂಗಡ ಕೊಡಬೇಡಿ.

ವಯಸ್ಸಿನ ಮಾತು ಇಲ್ಲಿ ಹೇಳಲೇಬೇಕು. ಒಂದು ದೀಪಾವಳಿಯ ಹಿಂದಿನ ಸಂಜೆ, ಮಾಟುಂಗಾದಿಂದ ಒಬ್ಬ ತಾಯಿ ಬಂದಿದ್ದರು. ಕೈಯಲ್ಲಿ ಮಗ ಬರೆದುಕೊಟ್ಟ ಚೀಟಿ: “ಜಿಟಿಎ”. ಪರ್ಸಿನಿಂದ ಮಡಿಚಿದ ನೋಟು ಬಿಡಿಸಿ ಎಣಿಸುತ್ತಿದ್ದರು. ಮಗನಿಗೆ ಎಷ್ಟು ವಯಸ್ಸು ಎಂದೆ. ಒಂಬತ್ತು ಎಂದರು. ಪೆಟ್ಟಿಗೆ ತಿರುಗಿಸಿ ಮೂಲೆಯ ಕೆಂಪು ಚೌಕದಲ್ಲಿನ 18 ಅಂಕಿ ತೋರಿಸಿದೆ. “ಇದು ಲೆವೆಲ್ ನಂಬರ್ ಅಂದ್ಕೊಂಡಿದ್ದೆ” ಎಂದರು. ಆ ದಿನದಿಂದ ಕೌಂಟರ್‌ನಲ್ಲಿ ಎಲ್ಲರಿಗೂ ಪೆಟ್ಟಿಗೆ ತಿರುಗಿಸಿ ತೋರಿಸುವುದು ಅಭ್ಯಾಸ ಮಾಡಿಕೊಂಡೆ. ಕೊಲೆ, ಬೆತ್ತಲೆ, ಮಾದಕ ವಸ್ತು ಎಲ್ಲ ಇರುವ ಗೇಮ್ ಅದು. ಇದೇ ಸರಣಿಯ ಹಳೇ ಗೇಮ್ ವೈಸ್ ಸಿಟಿಯ ಕಾಲದಲ್ಲಿ ಸೈಬರ್ ಕೆಫೆಗಳಲ್ಲಿ ಆರನೇ ಕ್ಲಾಸಿನ ಹುಡುಗರು ನೋಟ್‌ಬುಕ್ ಹಿಂದೆ ಚೀಟ್ ಕೋಡ್ ಬರೆದುಕೊಂಡು ಬರುತ್ತಿದ್ದರು, ನಾವು ದೊಡ್ಡವರು ಯಾರೂ ಕೇಳಲಿಲ್ಲ. ಕೇಳಬೇಕಿತ್ತು.

ಕಾಲ್ ಆಫ್ ಡ್ಯೂಟಿ ಶುರುವಾದದ್ದು 2003ರಲ್ಲಿ, ಎರಡನೇ ಮಹಾಯುದ್ಧದ ಕಥೆಯಿಂದ. 2005ರಿಂದ ಈಚೆಗೆ ವರ್ಷ ವರ್ಷ ಹೊಸದು ಬರುತ್ತಲೇ ಇದೆ. ಇದನ್ನು ಹೊಂದಿದ್ದ ಆಕ್ಟಿವಿಷನ್ ಬ್ಲಿಝಾರ್ಡ್ ಕಂಪನಿಯನ್ನು 2023ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಸುಮಾರು 6,900 ಕೋಟಿ ಡಾಲರ್‌ಗೆ ಕೊಂಡಿತು. ಗುಂಡು ಹೊಡೆಯುವ ಆಟದಲ್ಲಿ ಇದರ ಕೈಹಿಡಿತ ಬೇರೆಯವಕ್ಕಿಲ್ಲ. ಗುರಿ ಇಟ್ಟರೆ ಗುರಿ, ಓಡಿದರೆ ಓಟ. ಆದರೆ ಹೊಸದು ಬಂದಾಗ ಗೆಳೆಯರೆಲ್ಲ ಅಲ್ಲಿಗೆ ಹೋಗುತ್ತಾರೆ, ನೀವೂ ಹೋಗಬೇಕು. ದೊಡ್ಡ ಗೇಮ್ ಒಂದಕ್ಕೆ ಇಲ್ಲಿ ನಾಲ್ಕೈದು ಸಾವಿರ ರೂಪಾಯಿ. ಮೂರು ವರ್ಷಕ್ಕೆ ಎಷ್ಟಾಯಿತು ನೋಡಿ. ಜೊತೆಗೆ 100 ಜಿಬಿ ಮೀರುವ ಡೌನ್‌ಲೋಡ್. ಸಿಡಿ ಇದ್ದರೂ ಇಂಟರ್ನೆಟ್ ತಪ್ಪಿದ್ದಲ್ಲ. ಮನೆಗೆ ವೈಫೈ ಇಲ್ಲದೆ ಮೊಬೈಲ್ ಡೇಟಾದಲ್ಲಿ ನಡೆಸುವವರು ಇದರ ಗೊಡವೆಗೆ ಹೋಗಬೇಡಿ. ಮೊದಲು ಇದೇ ಸರಣಿಯಲ್ಲಿ ಪುಕ್ಕಟೆ ಸಿಗುವ ವಾರ್‌ಝೋನ್ ಅಥವಾ ಫೋನ್ ಆವೃತ್ತಿ ಆಡಿ ನೋಡಿ, ಹಿಡಿಸಿದರೆ ಆಮೇಲೆ ಯೋಚನೆ ಮಾಡಿ.

ಫುಟ್‌ಬಾಲ್: ಹಳೇ ವರ್ಷದ್ದೇ ಸಾಕು

1993ರಿಂದ ಫಿಫಾ ಎಂಬ ಹೆಸರಿನಲ್ಲಿ ಬರುತ್ತಿದ್ದದ್ದು 2023ರಿಂದ ಇಎ ಸ್ಪೋರ್ಟ್ಸ್ ಎಫ್‌ಸಿ ಆಗಿದೆ. ಹೆಸರಿನ ಒಪ್ಪಂದ ಮುಗಿಯಿತು, ಆಟ ಅದೇ. 2021ರ ಹೊತ್ತಿಗೇ 32.5 ಕೋಟಿ ಪ್ರತಿ ಮಾರಿದ್ದರು. ಫಿಫಾ 22ರಲ್ಲಿ ನಮ್ಮ ಐಎಸ್‌ಎಲ್ ಫುಟ್‌ಬಾಲ್ ಲೀಗ್ ಸೇರಿದಾಗ ಗೋವಾದ ಕಡೆಯ ಹುಡುಗರು ಎಫ್‌ಸಿ ಗೋವಾ ಹಾಕಿಕೊಂಡು, ನಮ್ಮವರು ಬೆಂಗಳೂರು ಎಫ್‌ಸಿ ಹಾಕಿಕೊಂಡು ಅಂಗಡಿಯ ಡೆಮೋ ಟಿವಿಯಲ್ಲೇ ಪಂದ್ಯ ಮಾಡಿದ್ದರು. ಆ ದಿನ ಮಾರಾಟ ಏನೂ ಆಗಲಿಲ್ಲ, ಖುಷಿ ಮಾತ್ರ ಬೇಕಾದಷ್ಟಾಯಿತು.

ಇಲ್ಲಿ ನನ್ನ ಸಲಹೆ ಒಂದೇ. ಮನೆಯಲ್ಲಿ ಇಬ್ಬರು ಕೂತು ಆಡುವುದಾದರೆ ಹಿಂದಿನ ವರ್ಷದ ಸಿಡಿ ತಗೊಳ್ಳಿ. ಹೊಸದು ಬಂದ ಕೂಡಲೇ ಹಳೆಯದರ ಬೆಲೆ ಕುಸಿಯುತ್ತದೆ. ಆಟಗಾರರ ತಂಡ ಬದಲಾಗಿರುತ್ತದೆ, ಅಷ್ಟೇ. ಅಲ್ಟಿಮೇಟ್ ಟೀಮ್ ಎಂಬ ಭಾಗದಲ್ಲಿ ಆಟಗಾರರ ಕಾರ್ಡುಗಳ ಪೊಟ್ಟಣ ಮಾರುತ್ತಾರೆ. ಒಳಗೆ ಯಾರು ಬರುತ್ತಾರೋ ಅದೃಷ್ಟ. ಬೆಲ್ಜಿಯಂನಲ್ಲಿ ಇದನ್ನು ಜೂಜು ಎಂದು ತಕರಾರು ಬಂದ ಮೇಲೆ 2019ರ ಜನವರಿ ಕೊನೆಗೆ ಕಂಪನಿ ಅಲ್ಲಿ ಅದರ ಪಾಯಿಂಟ್ ಮಾರುವುದನ್ನೇ ನಿಲ್ಲಿಸಿತು. ನಮ್ಮ ಮಕ್ಕಳೂ ಆ ಭಾಗಕ್ಕೆ ಹೋಗದಿದ್ದರೆ ಒಳ್ಳೆಯದು.

ಕ್ರಿಕೆಟ್ ಇಲ್ವಾ ಎಂದು ಎಲ್ಲರೂ ಕೇಳುತ್ತಾರೆ. ಈ ಕೋಟಿಗಳ ಪಟ್ಟಿಯಲ್ಲಿ ಕ್ರಿಕೆಟ್ ಇಲ್ಲ. ಈ ಫುಟ್‌ಬಾಲ್ ಗೇಮ್ ಮಾಡುವ ಇಎ ಕಂಪನಿಯವರ ಕ್ರಿಕೆಟ್ 07 ನಮ್ಮ ಕಂಪ್ಯೂಟರ್‌ಗಳಲ್ಲಿ ವರ್ಷಗಟ್ಟಲೆ ಓಡಿತು, ಆಮೇಲೆ ಅವರು ಅದನ್ನು ಮುಂದುವರಿಸಲೇ ಇಲ್ಲ.

ಉಳಿದವು

ದಿ ಸಿಮ್ಸ್ ಮನೆ ಕಟ್ಟಿ ಸಂಸಾರ ನಡೆಸುವ ಆಟ. ಸಿಮ್ಸ್ 4ರ ಮೂಲ ಆಟ 2022ರ ಅಕ್ಟೋಬರ್‌ನಿಂದ ಪುಕ್ಕಟೆ, ಹೆಚ್ಚಿನದಕ್ಕೆಲ್ಲ ಪ್ರತ್ಯೇಕ ದುಡ್ಡು. ಮೂಲ ಆಟವೇ ಒಂದು ವರ್ಷಕ್ಕೆ ಸಾಕು. ಅಸಾಸಿನ್ಸ್ ಕ್ರೀಡ್ 20 ಕೋಟಿ ದಾಟಿದ ಇತಿಹಾಸದ ಸಾಹಸ. ಅದನ್ನು ಮಾಡುವ ಯೂಬಿಸಾಫ್ಟ್‌ಗೆ ಪುಣೆಯಲ್ಲೂ ಮುಂಬಯಿಯಲ್ಲೂ ಸ್ಟುಡಿಯೋ ಇವೆ. ಈಜಿಪ್ಟ್, ಗ್ರೀಸ್ ನೋಡುವ ಆಸೆ ಇರುವ ದೊಡ್ಡವರಿಗೆ ಹಳೆಯ ಭಾಗಗಳು ಅಗ್ಗದಲ್ಲಿ ಸಿಗುತ್ತವೆ.

ಫೋನ್‌ನ ಕ್ಯಾಂಡಿ ಕ್ರಷ್ 2012ರಿಂದ ಈವರೆಗೆ 2,000 ಕೋಟಿ ಡಾಲರ್‌ಗಿಂತ ಜಾಸ್ತಿ ಗಳಿಸಿದೆ. ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಎಷ್ಟೋ ಜನ ಆಡುತ್ತಾರೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳೂ ಆಡುತ್ತಾಳೆ, ಒಂದು ಪೈಸೆ ಕೊಟ್ಟಿಲ್ಲ. ಜೀವ ಮುಗಿದರೆ ಫೋನ್ ಒಳಗಿಟ್ಟು ಕಲ್ಯಾಣ್ ತನಕ ಕಾಯುತ್ತಾಳೆ. ಪಬ್ಜಿ ಮೊಬೈಲನ್ನು ನಮ್ಮ ಸರ್ಕಾರ 2020ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿತು, 2021ರಲ್ಲಿ ಬಿಜಿಎಂಐ ಆಗಿ ಬಂತು, 2022ರಲ್ಲಿ ಮತ್ತೆ ಹೋಯಿತು, 2023ರಲ್ಲಿ ಮತ್ತೆ ಬಂತು. ಹೀಗೆ ಬಂದು ಹೋಗುವ ಗೇಮ್ ಒಳಗೆ ಬಟ್ಟೆಬರೆಗೆ ಸಾವಿರಗಟ್ಟಲೆ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಅಂಗಡಿಗೆ ಹೋಗುವ ಮುಂಚೆ

ಹಳೇ ಲ್ಯಾಪ್‌ಟಾಪ್ ಇದೆ, ಮಗುವಿಗೆ ಏಳರಿಂದ ಹದಿಮೂರು ವರ್ಷ ಎಂದರೆ ಮೈನ್‌ಕ್ರಾಫ್ಟ್ ತನ್ನಿ, ಬೇರೆ ಏನೂ ಯೋಚಿಸಬೇಡಿ. ಮನೆಮಂದಿ ಎಲ್ಲ ಸೇರಿ ಆಡಬೇಕು, ಕೈಯಲ್ಲಿ ಸ್ವಲ್ಪ ಜಾಸ್ತಿ ದುಡ್ಡಿದೆ ಎಂದರೆ ಸ್ವಿಚ್ ಮತ್ತು ಮಾರಿಯೋ ಕಾರ್ಟ್. ಪಿಎಸ್5 ಈಗಾಗಲೇ ಇದ್ದರೆ ಹಳೇ ಫುಟ್‌ಬಾಲ್ ಸಿಡಿ, ದೊಡ್ಡವರು ಮಾತ್ರ ಇದ್ದರೆ ಜಿಟಿಎ 5.

ಪಿಎಸ್5ನಲ್ಲಿ ಸಿಡಿ ಹಾಕುವ ಜಾಗ ಇರುವುದು, ಇಲ್ಲದಿರುವುದು ಎಂದು ಎರಡು ಮಾದರಿ ಇವೆ. ಸೆಕೆಂಡ್ ಹ್ಯಾಂಡ್ ಸಿಡಿ ಆಸೆ ಇದ್ದರೆ ಜಾಗ ಇರುವುದನ್ನೇ ತಗೊಳ್ಳಿ. ಸಿಡಿಯನ್ನು ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ನೋಡಿ. ತೆಳ್ಳಗಿನ ಗೀರು ಪರವಾಗಿಲ್ಲ, ಉಗುರಿಗೆ ತಾಗುವ ಗೀರು ಇದ್ದರೆ ಬೇಡ. ವಿದೇಶದ ಸಿಡಿಗೆ ಮೇಲಿನಿಂದ ಕೊಳ್ಳುವ ಭಾಗಗಳು ಆ ದೇಶದ ಅಕೌಂಟಿನಿಂದಲೇ ಬರಬೇಕಾಗುತ್ತದೆ, ಹಾಗಾಗಿ ಪೆಟ್ಟಿಗೆ ಎಲ್ಲಿಯದು ಎಂದು ಕೇಳಿ. ಮನೆಗೆ ತಂದ ದಿನವೇ ಮಗುವಿನ ಹೆಸರಲ್ಲಿ ಬೇರೆ ಅಕೌಂಟ್ ಮಾಡಿ, ದುಡ್ಡು ಕೊಡಲು ನಿಮ್ಮ ಪಾಸ್‌ವರ್ಡ್ ಬೇಕು ಎಂದು ಸೆಟ್ ಮಾಡಿ. ಕಾರ್ಡ್ ಎಲ್ಲೂ ಸೇವ್ ಮಾಡಬೇಡಿ. ಇದಕ್ಕೆ ಹತ್ತು ನಿಮಿಷ ಸಾಕು. ಗೊತ್ತಾಗದಿದ್ದರೆ ನಮ್ಮ ಅಂಗಡಿಗೆ ತನ್ನಿ, ಮಾಡಿಕೊಡುತ್ತೇನೆ, ಇದಕ್ಕೆ ನಾನು ದುಡ್ಡು ತಗೊಳ್ಳುವುದಿಲ್ಲ.